ಪಕ್ಕದಲ್ಲಿ ಮಲಗುವವರು ಯಾರು

ಸೊಹಾರಿನ ಕೋಣೆ. ಆರು ಮಂಚ, ಒಂದೇ ಏಸಿ.
ಅದರ ಸದ್ದಿಗಿಂತ ಇದಿನಬ್ಬನದು ದೊಡ್ಡದು.
ಮೊದಮೊದಲು ನಗು. ಒಬ್ಬ ಲಾಂಚಿ ಎಂದ,
ಬೋಳಾರದವನು
‘ನಮ್ಮ ಹಂಚಿನ ಕಾರ್ಖಾನೆ ಮತ್ತೆ ಶುರುವಾಯ್ತು’ ಎಂದ.
ಆಮೇಲೆ ಓಟು ಹಾಕಿದರು: ನಾಲ್ವರು ಹೊರಗೆ ಕಳಿಸಿ ಅಂತ,
ನಾನೊಬ್ಬ ಬೇಡ ಅಂತ.
ದಯೆಯಿಂದಲ್ಲ.
ನನ್ನ ನಿದ್ದೆ ಕೆಡಿಸುತ್ತಿದ್ದದ್ದು ಗೊರಕೆಯಲ್ಲ,
ಗೊರಕೆ ನಿಲ್ಲುವುದು.

ನಿಲ್ಲುತ್ತಿತ್ತು. ಪೂರ್ತಿ.
ಮಿಂಚು ಕಂಡ ಮೇಲೆ ಗುಡುಗಿಗೆ ಕಾಯುವ ಹಾಗೆ
ಎಣಿಸುತ್ತಿದ್ದೆ: ಹನ್ನೊಂದು, ಹದಿನಾರು, ಇಪ್ಪತ್ತೆರಡು.
ಎದೆ ಏಳುತ್ತಿತ್ತು, ಗಾಳಿ ಒಳಗೆ ಹೋಗುತ್ತಿರಲಿಲ್ಲ,
ಬೀಗ ಹಾಕಿದ ಮನೆಯ ಬಾಗಿಲು ಯಾರೋ ದೂಡಿದಂತೆ.
ಮತ್ತೆ ಒಮ್ಮೆಲೆ
ಮುಳುಗಿದವನು ತಲೆ ಎತ್ತಿ ಎಳೆದ ಉಸಿರು.

ಹಗಲು ಅವನು ಬಂದರಿನಲ್ಲಿ
ನಲವತ್ತು ಮೀಟರ್ ಮೇಲೆ, ಗಾಜಿನ ಗೂಡಿನಲ್ಲಿ.
ಬೆರಳ ತುದಿಯಲ್ಲಿ ಮೂವತ್ತು ಟನ್ನು ತೂಗುತ್ತದೆ.
‘ನಿನ್ನೆ ಒಂದು ಗಳಿಗೆ ಕಣ್ಣು ಅಂಟಿತು ಮಾರಾಯ,’
ಎಂದ ಒಂದು ಸಂಜೆ, ಸುಲೈಮಾನಿ ಆರಿಸುತ್ತಾ.
‘ಯಾರಿಗೂ ಹೇಳಬೇಡ.’

ಹಲ್ಲಿನ ಡಾಕ್ಟರು ಮದ್ದು ಮಾಡುತ್ತಾರಂತೆ ಇದಕ್ಕೆ.
ಶವರ್ಮಾ ಅಂಗಡಿಯ ಮೇಲಿನ ಮಹಡಿ:
‘ಮೂರೇ ರಾತ್ರಿಯಲ್ಲಿ ಗೊರಕೆ ಬಂದ್.’
ಒಳಗಿದ್ದವನು ಬಾಯಿ ತೆಗೆ ಎನ್ನಲಿಲ್ಲ,
ಡ್ರಾಯರು ತೆಗೆದ. ಬಳೆಯಂಗಡಿಯಂತೆ ಮೂರು ಸೈಜು.
ಅರುವತ್ತು ರಿಯಾಲ್, ಇವತ್ತಾದರೆ ನಲವತ್ತೈದು.
‘ಇದನ್ನು ಎಲ್ಲಿ ಕಲಿತದ್ದು?’ ಇದಿನಬ್ಬ ಕೇಳಿದ.
ಅವನು ನಕ್ಕ.
‘ಕಾರ್ಡು ತೋರಿಸಿ.’
ನಗು ನಿಂತಿತು.

ಮೆಟ್ಟಿಲಲ್ಲಿ ನಾನು ಬೈದೆ, ಹಾಗೆಲ್ಲ ಕೇಳ್ತಾರಾ?
‘ನನ್ನ ಕಾರ್ಡು ನೋಡದೆ
ಕ್ರೇನಿನ ಏಣಿಗೆ ಕಾಲಿಡಲು ಬಿಡುವುದಿಲ್ಲ ಅಲ್ಲಿ.
ಕಂಟೇನರಿಗಿರುವ ಬೆಲೆ
ನನ್ನ ಗಂಟಲಿಗಿಲ್ಲವಾ?’

ಎರಡನೆಯವರು ಕೊಲ್ಲಂ ಕಡೆಯ ಮುದುಕ.
‘ನಾನು ಹುಳುಕು ತುಂಬುವವನು, ಇದು ನನಗೆ ಬರುವುದಿಲ್ಲ,’
ಎಂದು ಚೀಟಿಯಲ್ಲಿ ಒಂದು ಹೆಸರು ಬರೆದರು. ಫೀಸು ಬೇಡವೆಂದರು.
ಬರುವುದಿಲ್ಲ ಎಂಬ ಮಾತು
ಈ ದೇಶಕ್ಕೆ ಬಂದ ಮೇಲೆ ನಾನು ಕೇಳಿದ್ದು ಅದೇ ಮೊದಲು.

ಮಸ್ಕತ್ತಿಗೆ ಮೂರು ಗಂಟೆ ಬಸ್ಸು.
ಬರ್ಕಾ ದಾಟುವವರೆಗೂ ಗೊರಕೆ; ಇಡೀ ಬಸ್ಸು ತಿರುಗಿ ನೋಡಿತು.

ಡಾಕ್ಟರ್ ರಯ್ಯಾ ಮೊದಲು ಕೇಳಿದ್ದು ಹಲ್ಲನ್ನಲ್ಲ:
‘ನಿದ್ದೆಯ ಪರೀಕ್ಷೆ ಆಗಿದೆಯಾ?
ಆಸ್ಪತ್ರೆಯ ಕಾಗದವಿಲ್ಲದೆ ನಾನು ಅಚ್ಚು ತೆಗೆಯುವುದಿಲ್ಲ.’
ಕಿವಿಯ ಮುಂದೆ ಬೆರಳಿಟ್ಟು ದವಡೆಯ ಕೀಲಿನ ಕಟಕಟ ಆಲಿಸಿದರು,
ಅಲುಗುವ ಹಲ್ಲು ಎಣಿಸಿದರು.
ಇದಿನಬ್ಬ ಬಾಯಿ ತೆರೆದೇ ಇದ್ದ, ಕೇಳಲಾಗಲಿಲ್ಲ;
ಅವರೇ ಗೋಡೆಗೆ ಕೈ ತೋರಿಸಿ ಹೇಳಿದರು:
‘ಅದು ಹಲ್ಲಿನದು. ಇದು ನಿದ್ದೆಯದು, ಆಮೇಲೆ ಕಲಿತದ್ದು.
ಫಲ ಸಿಗದೆಯೂ ಇರಬಹುದು. ಆಗ ಮಾಸ್ಕಿನ ಮಿಷಿನು.’
ಮತ್ತೆ ಪೆನ್ನು ಎತ್ತಿ:
‘ಪಕ್ಕದಲ್ಲಿ ಮಲಗುವವರು ಯಾರು?’

ಹೆಂಡತಿಗೆಂದು ಬಿಟ್ಟ ಜಾಗ ಅದು ಫಾರಮಿನಲ್ಲಿ.
ಐಸಮ್ಮ ಇರುವುದು ಉಳ್ಳಾಲದಲ್ಲಿ,
ಹದಿನಾಲ್ಕು ವರ್ಷದಿಂದ ಫೋನಿನೊಳಗೆ.
ಇದಿನಬ್ಬ ನೆಲ ನೋಡಿದ.
ನಾನು ಕೈ ಎತ್ತಿದೆ, ಹಾಜರಿ ಕೂಗಿದಾಗ ಎತ್ತುವಂತೆ.
‘ಇಪ್ಪತ್ತೆರಡು ಸೆಕೆಂಡು, ಮೇಡಂ. ಬರೆದಿಟ್ಟಿದ್ದೇನೆ.’
ಅವರು ನನ್ನ ಹೆಸರಿನ ಸ್ಪೆಲ್ಲಿಂಗ್ ಕೇಳಿದರು.

ವೈರು ಸುತ್ತಿಕೊಂಡು ಒಂದು ರಾತ್ರಿ ಆಸ್ಪತ್ರೆಯಲ್ಲಿ. ಆಮೇಲೆ ಅಚ್ಚು.
ಕೆಳದವಡೆ ಮುಂದೆ, ವಾರಕ್ಕಿಷ್ಟು, ಕೂದಲೆಳೆಯಷ್ಟು.
‘ಹಡಗಿಗೆ ಪೆಟ್ಟಿಗೆ ಇಳಿಸುವುದೂ ಹೀಗೇ,’
ಎಂದು ಅವನಿಗೆ ಖುಷಿ.
ಮತ್ತೆ ವೈರು, ಮತ್ತೆ ಕಾಗದ.

ಮೂರನೇ ತಿಂಗಳು, ರಾತ್ರಿ ಒಂದಕ್ಕೆ ನನ್ನ ಫೋನು.
ಐಸಮ್ಮ. ಅವನ ಫೋನು ತೆರೆದಿಡಿಸಿಕೊಂಡು
ಆ ಗೊರಕೆ ಕೇಳುತ್ತಲೇ ಮಲಗುತ್ತಿದ್ದಳಂತೆ ಇಷ್ಟು ವರ್ಷ.
ಒಂದೇ ಕೋಣೆಯಲ್ಲಿದ್ದೂ ನನಗೆ ಗೊತ್ತಿರಲಿಲ್ಲ.
‘ಅಣ್ಣಾ, ಏನೂ ಕೇಳಿಸ್ತಾ ಇಲ್ಲ. ನೋಡಿ ಸ್ವಲ್ಪ.’

ಕತ್ತಲಲ್ಲಿ ತಡವಿ
ಅವನ ಮೂಗಿನ ಬಳಿ ಫೋನು ಹಿಡಿದೆ.
ಇಬ್ಬರೂ ಎಣಿಸಿದೆವು, ನಾನಿಲ್ಲಿ, ಅವಳಲ್ಲಿ.
ಮೂರರಾಚೆ ಹೋಗಲಿಲ್ಲ ಲೆಕ್ಕ.

‘ಇಷ್ಟು ಸಣ್ಣದಾ?’ ಎಂದಳು.